ಕೆರೆಯ ದಡದ ಇಳಿಜಾರಿನಲ್ಲಿ ವಾಸದ ಮನೆಗಳು: ಮಳೆಯ ನೀರನ್ನೂ ಮಣ್ಣಿನ ಕೊಚ್ಚಣೆಯನ್ನೂ ಅಂಕೆಯಲ್ಲಿಡುವ ಕ್ರಮ

ಕನ್ನಡ ನಾಡಿನ ಬಯಲುಸೀಮೆಯಲ್ಲಿ ಕೆರೆಯಿಲ್ಲದ ಗ್ರಾಮವು ಅಪರೂಪ. ಈಗಿನ ಕರ್ನಾಟಕ ರಾಜ್ಯದಲ್ಲಿ ಸಣ್ಣವೂ ದೊಡ್ಡವೂ ಕೂಡಿ 36,000ಕ್ಕೆ ಮೇಲ್ಪಟ್ಟು ಕೆರೆಗಳಿವೆಯೆಂದು ಗಣನೆಯಾಗಿರುತ್ತದೆ. ಇವುಗಳನ್ನು ಕಟ್ಟಿಸಿದ ಪೂರ್ವಿಕರು ಏರಿಯ ಕೆಳಗೆ ಗದ್ದೆ ತೋಟಗಳನ್ನೂ, ನೀರಿನ ಹರವಿಗೆ ದೂರವಾದ ದಿಣ್ಣೆಯ ಮೇಲೆ ಊರನ್ನೂ ಏರ್ಪಡಿಸುತ್ತಿದ್ದುದು ಸಾಮಾನ್ಯವಾದ ಪದ್ಧತಿ. ಊರಿಗೂ ನೀರಿಗೂ ನಡುವಣ ಇಳಿಜಾರಿನಲ್ಲಿ ಗೋಮಾಳವೋ ಗುಂಡುತೋಪೋ ಇದ್ದು, ಮೇಲಿಂದ ಬಂದ ಮಳೆಯ ನೀರು ಹುಲ್ಲಿನಲ್ಲಿ ಸೋಸಿಕೊಂಡು ನಿಧಾನವಾಗಿ ಕೆರೆಗೆ ಇಳಿಯುತ್ತಿತ್ತು. ಈಚಿನ ದಶಕಗಳಲ್ಲಿ ಜನಸಂಖ್ಯೆಯು ಹೆಚ್ಚಿ, ಅನೇಕ ಊರುಗಳಲ್ಲಿ ಈ ನಡುವಣ ಭೂಮಿಯೇ ನಿವೇಶನಗಳಾಗಿ ವಿಂಗಡವಾಗಿದೆ. ಹುಲ್ಲಿದ್ದ ಕಡೆ ತಾರಸಿಯೂ, ಮರವಿದ್ದ ಕಡೆ ಗಟ್ಟಿಮಾಡಿದ ಅಂಗಳವೂ, ದನಗಳ ಕಾಲುಹಾದಿಯಿದ್ದ ಕಡೆ ನೇರವಾಗಿ ನೀರಿಗಿಳಿಯುವ ರಸ್ತೆಯೂ ಉಂಟಾಗಿವೆ.

ಇದರ ಫಲವು ಒಂದೇ ದೊಡ್ಡ ಮಳೆಯಲ್ಲಿ ಕಣ್ಣಿಗೆ ಬೀಳುವುದು. ಸೂರಿನ ನೀರು ಅಂಗಳವನ್ನು ಕೊರೆಯುತ್ತದೆ. ಅಂಗಳದ ನೀರು ಕೆಳಗಿನ ಮನೆಯ ತಳಪಾಯಕ್ಕೆ ನುಗ್ಗುತ್ತದೆ. ಬೀದಿಯ ನೀರು ದಡವನ್ನು ಸೀಳಿ ಕೊರಕಲು ಮಾಡುತ್ತದೆ. ಎಲ್ಲವೂ ಕೂಡಿ ಕೆಂಪುನೀರಾಗಿ ಕೆರೆಯನ್ನು ಸೇರುತ್ತವೆ. ಮೇಲಿನ ಮನೆಯವರಿಗೆ ಮಣ್ಣು ನಷ್ಟ, ಕೆಳಗಿನ ಮನೆಯವರಿಗೆ ಗೋಡೆ ನಷ್ಟ. ಅಚ್ಚುಕಟ್ಟಿನ ರೈತರಿಗೆ ನೀರು ನಷ್ಟ. ಏಕೆಂದರೆ ಕೆರೆಯಲ್ಲಿ ಹೂಳು ತುಂಬಿದಷ್ಟೂ ನೀರಿಗೆ ಸ್ಥಳವು ಕುಂದುವುದು. ಕೆರೆಯ ನೀರಿನಿಂದಲೇ ಒರತೆ ಕಾಣುವ ಬಾವಿಗಳೂ ಆ ಪ್ರಮಾಣದಲ್ಲಿ ಬತ್ತುವುವು. ಆದಕಾರಣ ಈ ವಿಷಯವು ದಡದ ಮೇಲೆ ಮನೆಯುಳ್ಳವರಿಗೆ ಮಾತ್ರವೇ ಸೇರಿದ್ದಲ್ಲ. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮುಂದಾಗಿ ವಿಚಾರಿಸತಕ್ಕದ್ದಾಗಿದೆ.

ಇಂಥಾ ಸಂದರ್ಭದಲ್ಲಿ ಜನರು ಸಾಧಾರಣವಾಗಿ ನೀರಿನ ಅಂಚಿನಲ್ಲಿ ಒಂದು ಕಲ್ಲುಗೋಡೆಯನ್ನು ಕಟ್ಟಿಸಿ ಕೆಲಸವು ಮುಗಿಯಿತೆಂದು ತಿಳಿಯುತ್ತಾರೆ. ಎರಡು ಮೂರು ಮಳೆಗಾಲಗಳಲ್ಲಿ ಗೋಡೆಯ ಹಿಂದೆ ನೀರು ಸೇರಿ ಒತ್ತಿ, ಗೋಡೆಯೇ ಉರುಳುವುದುಂಟು. ರೋಗವು ಇಳಿಜಾರಿನ ನೆತ್ತಿಯಲ್ಲಿರುವಾಗ ಪಾದಕ್ಕೆ ಮದ್ದು ಹಾಕಿದರೆ ಗುಣವಾಗದು. ನೀರನ್ನು ಅದು ಬಿದ್ದ ಸ್ಥಳದಲ್ಲಿಯೇ, ನೆತ್ತಿಯಿಂದ ಮೊದಲುಗೊಂಡು ಒಂದೊಂದು ಮನೆಯಲ್ಲಿಯೂ ಹಿಡಿದು, ಹರಡಿ, ನಿಧಾನಪಡಿಸುವುದೇ ಸರಿಯಾದ ಮಾರ್ಗವು. ಜಲಾನಯನ ಕೆಲಸದವರಲ್ಲಿ ಬಳಕೆಯಲ್ಲಿರುವ ಸೂತ್ರವೂ ಇದೇ: ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು. ಇದನ್ನು ಆಚರಣೆಗೆ ತರುವ ವಿಧಾನವನ್ನೂ, ಇಂಗಿಸುವುದು ಎಲ್ಲಿ ಅಪಾಯಕರವೆಂಬುದನ್ನೂ ಮುಂದೆ ವಿವರಿಸಿದೆ.

ನೀರಿನ ಲೆಕ್ಕವೂ ಬಲವೂ

ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ಮನೆಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆಯಾದರೆ ಬೀಳುವ ನೀರು 100 ಘನ ಅಡಿಗಳು, ಅಂದರೆ ಸುಮಾರು 2,800 ಲೀಟರು. ಇನ್ನೂರು ಲೀಟರು ಹಿಡಿಯುವ ಹದಿನಾಲ್ಕು ಪೀಪಾಯಿಗಳು ಇದರಿಂದ ತುಂಬುವುವು. ಅಂಥಾ ನಲವತ್ತು ಮನೆಗಳಿದ್ದರೆ ಮಾಳಿಗೆಗಳಿಂದ ಇಳಿಯುವ ನೀರೇ 1,12,000 ಲೀಟರಿಗೆ ಕಡಿಮೆಯಿಲ್ಲ. ಇದು ಒಂದು ಎಕರೆ ಭೂಮಿಯ ಮೇಲೆ ಬೀಳುವ ಒಂದು ಅಂಗುಲದ ಮಳೆಗಿಂತ ಹೆಚ್ಚು. ಮಾಳಿಗೆಯ ಮೇಲೂ ಗಾರೆ ಮಾಡಿದ ರಸ್ತೆಯ ಮೇಲೂ ಬಿದ್ದ ನೀರಿನಲ್ಲಿ ನೂರಕ್ಕೆ ಎಪ್ಪತ್ತರಿಂದ ತೊಂಬತ್ತೈದು ಪಾಲು ಹರಿದುಹೋಗುವುದು. ಮರಳು ಬೆರೆತ ನೆಲದಲ್ಲಿ ಹುಲ್ಲು ದಟ್ಟವಾಗಿದ್ದು ಇಳಿಜಾರು ಅಲ್ಪವಾಗಿದ್ದರೆ, ಹರಿದುಹೋಗುವುದು ನೂರಕ್ಕೆ ಐದರಿಂದ ಇಪ್ಪತ್ತು ಪಾಲು ಮಾತ್ರ. ಆದ್ದರಿಂದ ಮಳೆಯು ಮೊದಲಿನಷ್ಟೇ ಆದರೂ, ಮನೆಗಳಾದ ಮೇಲೆ ಹರಿಯುವ ನೀರು ಹಲವು ಮಡಿ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಅದರ ಬಲ. ಹರಿಯುವ ನೀರಿನ ವೇಗವು ಇಮ್ಮಡಿಯಾದರೆ ನೆಲವನ್ನು ಕೊರೆಯುವ ಶಕ್ತಿಯು ನಾಲ್ಮಡಿಯಾಗುವುದು. ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕವು 64 ಮಡಿಯಾಗುವುದೆಂದು ಜಲಶಾಸ್ತ್ರದ ಲೆಕ್ಕವಿದೆ. ತಿರುಗಿಸಿ ಹೇಳುವುದಾದರೆ, ವೇಗವನ್ನು ಅರ್ಧಕ್ಕೆ ಇಳಿಸಿದ ಮಾತ್ರದಿಂದಲೇ ಕೊರೆತದ ಶಕ್ತಿಯು ಕಾಲುಭಾಗಕ್ಕೆ ಇಳಿಯುವುದು. ಒಂದು ಸಾಲು ಹುಲ್ಲು, ಒಂದು ಅಡ್ಡಗಲ್ಲು, ಹಾದಿಯ ಒಂದು ತಿರುವು ಇಷ್ಟು ದೊಡ್ಡ ಉಪಕಾರವನ್ನು ಮಾಡುವುದು ಈ ಕಾರಣದಿಂದಲೇ.

ಮಳೆಯ ಹನಿಯೂ ನೆಲಕ್ಕೆ ಅಪಕಾರಿಯಾಗಬಲ್ಲದು. ಹಳೆಯ ಮೈಸೂರು ಸೀಮೆಯ ಕೆಂಪುಮಣ್ಣು ಬರಿದಾಗಿದ್ದರೆ, ಹನಿಗಳ ಹೊಡೆತಕ್ಕೆ ಅದರ ಹೆಂಟೆಗಳು ಒಡೆದು, ನುಣುಪು ಕಣಗಳು ಮಣ್ಣಿನ ಸಂದುಗಳನ್ನು ಮುಚ್ಚಿ, ಮೇಲೆ ಬಿಲ್ಲೆಯಂಥಾ ಪದರವು ಕಟ್ಟುವುದು. ಅನಂತರ ಬಿದ್ದ ನೀರು ಒಳಗಿಳಿಯದೆ ಜಾರಿಹೋಗುವುದು. ಮೇ ತಿಂಗಳ ಗುಡುಗುಮಳೆಗಳು ಬರುವ ಹೊತ್ತಿಗೆ ಬೇಸಗೆಯ ಬಿಸಿಲಿನಿಂದಲೂ ದನಗಳ ಮೇಯುವಿಕೆಯಿಂದಲೂ ನೆಲವು ಬೋಳಾಗಿರುವುದು. ವರ್ಷದಲ್ಲಿ ಅತ್ಯಂತ ಜೋಪಾನವಾಗಿರಬೇಕಾದ ಕಾಲ ಇದೊಂದು. ಸೆಪ್ಟೆಂಬರು, ಅಕ್ಟೋಬರು ತಿಂಗಳ ಭಾರಿ ಮಳೆಗಳ ಕಾಲ ಮತ್ತೊಂದು.

ಮೊದಲು ನೋಡಿ ತಿಳಿಯಬೇಕಾದದ್ದು

ಯಾವ ಕೆಲಸಕ್ಕೂ ಮುಂಚೆ, ಮಳೆಯು ಸುರಿಯುತ್ತಿರುವಾಗಲೇ ಕೊಡೆ ಹಿಡಿದು ನೆತ್ತಿಯಿಂದ ದಡದವರೆಗೆ ಒಂದು ಸಲ ನಡೆದು ನೋಡತಕ್ಕದ್ದು. ನೀರು ಯಾವ ಮನೆಯ ಮೂಲೆಯಿಂದ ಹೊರಡುತ್ತದೆ, ಎಲ್ಲಿ ಎರಡು ಧಾರೆಗಳು ಕೂಡುತ್ತವೆ, ಎಲ್ಲಿ ತಿಳಿಯಾಗಿದ್ದುದು ಕೆಂಪಾಗುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಬೇಸಗೆಯಲ್ಲಿ ಮಾಡಿದ ಊಹೆಗಿಂತ ಅರ್ಧ ಗಂಟೆಯ ಈ ನಡಿಗೆಯು ಹೆಚ್ಚು ಬೆಲೆಯುಳ್ಳದ್ದು. ಧಾರೆಯ ನೀರನ್ನು ಒಂದು ಗಾಜಿನ ಸೀಸೆಯಲ್ಲಿ ತುಂಬಿ ರಾತ್ರಿಯೆಲ್ಲಾ ಅಲುಗಿಸದೆ ಇಟ್ಟರೆ, ಬೆಳಗ್ಗೆ ತಳದಲ್ಲಿ ನಿಂತ ಮಣ್ಣಿನ ದಪ್ಪವು ನಷ್ಟದ ಪ್ರಮಾಣವನ್ನು ತೋರಿಸುವುದು. ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಂ ಮಣ್ಣು ಸಿಕ್ಕಿತೆಂದಿಟ್ಟುಕೊಂಡರೂ, ಮೇಲೆ ಹೇಳಿದ ನಲವತ್ತು ಮಾಳಿಗೆಗಳ ನೀರು ಒಂದೇ ಅಂಗುಲದ ಮಳೆಯಲ್ಲಿ ಒಂದು ಟನ್ನಿಗೂ ಮೀರಿದ ಮಣ್ಣನ್ನು ಕೆರೆಗೆ ಇಳಿಸಬಲ್ಲದು.

ಇಳಿಜಾರಿನ ಪ್ರಮಾಣವನ್ನೂ ಅಳೆದುಕೊಳ್ಳಬೇಕು. ಹತ್ತು ಅಡಿಯ ನೇರವಾದ ಗಳುವೊಂದನ್ನು ತೆಗೆದುಕೊಂಡು, ಒಂದು ತುದಿಯನ್ನು ಮೇಲಿನ ನೆಲಕ್ಕೆ ಊರಿ, ಗಾರೆಕೆಲಸದವರ ಮಟ್ಟದಿಂದ ಗಳುವನ್ನು ಸಮವಾಗಿ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕಿರುವ ಎತ್ತರವನ್ನು ಅಳೆದರಾಯಿತು. ಎತ್ತರವು ಒಂದು ಅಡಿಯಾದರೆ ಹತ್ತಕ್ಕೆ ಒಂದರ ಇಳಿಜಾರು. ಒಂದೂವರೆ ಅಡಿಗೆ ಮೀರಿದರೆ ಅದನ್ನು ಕಡಿದಾದ ಇಳಿಜಾರೆಂದು ಭಾವಿಸಿ, ಮುಂದೆ ಹೇಳುವ ಎಚ್ಚರಿಕೆಯಿಂದ ವರ್ತಿಸಬೇಕು.

ಸೂರಿನ ನೀರು

ಸೂರಿನ ಉದ್ದಕ್ಕೂ ತಗಡಿನ ದೋಣಿಯನ್ನು ಕಟ್ಟಿ ನೀರನ್ನು ಒಂದು ಮೂಲೆಗೆ ತರುವುದು ಮೊದಲನೆಯ ಕೆಲಸ. ಆ ನೀರನ್ನು ತೊಟ್ಟಿಯಲ್ಲಿ ಹಿಡಿದರೆ ದನಗಳಿಗೂ ಹಿತ್ತಲಿಗೂ ಬಟ್ಟೆ ಒಗೆಯುವುದಕ್ಕೂ ಒದಗುವುದು. ತೊಟ್ಟಿ ತುಂಬಿ ಹೆಚ್ಚಾದ ನೀರನ್ನು, ಇಳಿಜಾರು ಅಲ್ಪವಾಗಿದ್ದಲ್ಲಿ, ಇಂಗುಗುಂಡಿಗೆ ಬಿಡಬಹುದು. ಗುಂಡಿಯು ಮನೆಯ ಗೋಡೆಗೆ ಹತ್ತು ಅಡಿಗಿಂತ ಹತ್ತಿರವಿರಬಾರದು. ಕೆಳಗಿನ ನೆರೆಯವರ ತಳಪಾಯಕ್ಕೆ ಒರತೆ ಹೋಗುವಂತೆಯೂ ಇರಬಾರದು.

ಗುಂಡಿಯ ಅಳತೆಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ನಾಲ್ಕು ಅಡಿ ಚೌಕ, ಆರು ಅಡಿ ಆಳದ ಗುಂಡಿಯ ಗಾತ್ರವು 96 ಘನ ಅಡಿಯಾದರೂ, ಅದಕ್ಕೆ ಕಲ್ಲು ಜಲ್ಲಿಗಳನ್ನು ತುಂಬಿದ ಮೇಲೆ ನೀರಿಗೆ ಉಳಿಯುವ ಸಂದು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಮಳೆಯು ಬರುತ್ತಿರುವಾಗಲೇ ಸ್ವಲ್ಪ ನೀರು ಇಂಗುವುದು ದಿಟ. ಆದರೂ ಒಂದು ಗುಂಡಿಯು ಒಂದು ಮಾಳಿಗೆಯ ನೀರನ್ನೆಲ್ಲಾ ನುಂಗುವುದೆಂದು ನಂಬಬಾರದು. ಗುಂಡಿಯ ಬಾಯಿಂದ ಉಕ್ಕುವ ನೀರು ಹುಲ್ಲಿನ ಮೇಲೆ ಅಗಲವಾಗಿ ಹರಡುವಂತೆ ಚಪ್ಪಟೆಯಾದ ಕಲ್ಲುಹಾಸನ್ನು ಮಾಡಿಡಬೇಕು. ದೋಣಿಯನ್ನು ಕಟ್ಟುವುದಕ್ಕೆ ಅನುಕೂಲವಿಲ್ಲದವರು, ಸೂರಿನ ನೀರು ಬೀಳುವ ಗೆರೆಯಲ್ಲಿ ಒಂದು ಅಡಿ ಅಗಲ ಜಲ್ಲಿಯನ್ನು ಹಾಸಿದರೂ ನೆಲದ ಕೊರೆತವು ಬಹಳಮಟ್ಟಿಗೆ ನಿಲ್ಲುವುದು.

ಅಂಗಳ, ಹಿತ್ತಲು, ಹಾದಿ

ಅಂಗಳವನ್ನೆಲ್ಲಾ ಗಾರೆಯಿಂದ ಮುಚ್ಚುವುದು ಈಚೆಗೆ ಬಂದ ರೂಢಿ. ಒಕ್ಕಣೆಗೂ ಓಡಾಟಕ್ಕೂ ಬೇಕಾದಷ್ಟನ್ನು ಗಟ್ಟಿಮಾಡಿ, ಮಿಕ್ಕದ್ದನ್ನು ಗರಿಕೆಗೆ ಬಿಟ್ಟರೆ ಮನೆಗೆ ಶೋಭೆಯೂ ಮಣ್ಣಿಗೆ ರಕ್ಷಣೆಯೂ ಆಗುವುದು. ಕಲ್ಲುಚಪ್ಪಡಿಗಳನ್ನು ಹಾಸುವವರು ಸಂದುಗಳಲ್ಲಿ ಗಾರೆಯ ಬದಲು ಮರಳನ್ನು ತುಂಬಬಹುದು. ಹಿತ್ತಲಿನ ಮಡಿಗಳನ್ನು ಇಳಿಜಾರಿಗೆ ಅಡ್ಡವಾಗಿಯೇ ಮಾಡಬೇಕು. ಮೇಲಿನಿಂದ ಕೆಳಗೆ ತೆಗೆದ ಪಾತಿಯು ಮೊದಲನೆಯ ಮಳೆಯಲ್ಲಿಯೇ ಕಾಲುವೆಯಾಗುವುದು. ಉದುರಿದ ತರಗನ್ನು ಗುಡಿಸಿ ಸುಡುವುದಕ್ಕಿಂತ ಮಡಿಗಳ ಮೇಲೆ ಹರಡಿದರೆ ಮಳೆಯ ಹನಿಯ ಹೊಡೆತವು ತಪ್ಪುವುದು.

ಹಾದಿಗಳಿಂದ ಆಗುವ ಕೇಡು ಎಲ್ಲಕ್ಕಿಂತ ಹೆಚ್ಚಿನದು. ಹೆಂಗಸರು ನೀರಿಗೂ ದನಗಳು ಕುಡಿಯುವುದಕ್ಕೂ ನೇರವಾಗಿ ಇಳಿಯುವ ಹಾದಿಯು ಕೆಲವೇ ವರ್ಷಗಳಲ್ಲಿ ಮೊಣಕಾಲುದ್ದದ ಕೊರಕಲಾಗುವುದನ್ನು ಎಲ್ಲಾ ಊರಿನಲ್ಲಿಯೂ ಕಾಣಬಹುದು. ಹಾದಿಯನ್ನು ಓರೆಯಾಗಿ, ಎರಡು ಮೂರು ತಿರುವುಗಳಲ್ಲಿ ಇಳಿಸಬೇಕು. ತಿರುವು ಸಾಧ್ಯವಿಲ್ಲದಿದ್ದರೆ ಕಲ್ಲಿನ ಮೆಟ್ಟಿಲುಗಳನ್ನು ಹಾಕಿ, ಹದಿನೈದು ಇಪ್ಪತ್ತು ಅಡಿಗೊಂದರಂತೆ ಓರೆಯಾದ ಅಡ್ಡಗಲ್ಲನ್ನು ನೆಲದಿಂದ ನಾಲ್ಕು ಅಂಗುಲ ಎದ್ದಿರುವಂತೆ ನೆಟ್ಟು, ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸಬೇಕು. ದನಗಳಿಗೆ ಒಂದೇ ಕಡೆ ಕಲ್ಲು ಹಾಸಿದ ಇಳಿಜಾಡನ್ನು ಏರ್ಪಡಿಸಿ, ಉಳಿದ ದಡಕ್ಕೆ ಅವು ಹೋಗದಂತೆ ಬೇಲಿಯನ್ನು ಹಾಕುವುದು ಉತ್ತಮ.

ಹುಲ್ಲಿನ ಬೇಲಿ

ಮಣ್ಣನ್ನು ಹಿಡಿಯುವುದರಲ್ಲಿ ಲಾವಂಚಕ್ಕೆ ಸಮಾನವಾದ ಹುಲ್ಲು ವಿರಳ. ಇದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಇಳಿಯುವುದು. ಒಳ್ಳೆಯ ನೆಲದಲ್ಲಿ ಹತ್ತು ಅಡಿಯ ಆಳಕ್ಕೂ ಹೋಗುವುದು. ಆದ್ದರಿಂದ ಪಕ್ಕದ ಬೆಳೆಗೆ ಇದರಿಂದ ಬಾಧೆ ಅಲ್ಪ. ಗುಂಡ್ಲುಪೇಟೆಯ ಕಡೆಯ ರೈತರು ಲಾವಂಚವನ್ನು ಹೊಲದ ಎಲ್ಲೆಗಳಲ್ಲಿ ಬಹುಕಾಲದಿಂದ ನೆಡುತ್ತ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಮಣ್ಣಿನ ರಕ್ಷಣೆಗಾಗಿ ಈ ಹುಲ್ಲನ್ನು ಪ್ರಚಾರಕ್ಕೆ ತಂದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಇದರ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿತು. ಕನ್ನಡ ನಾಡಿನ ಒಕ್ಕಲಿಗರ ಅನುಭವವು ಹೀಗೆ ದೂರದೇಶಗಳ ವಿದ್ವಾಂಸರ ಗಮನಕ್ಕೂ ಬಂದಿದೆ.

ಈ ಹುಲ್ಲನ್ನು ಸಮಮಟ್ಟದ ಗೆರೆಯ ಮೇಲೆ ನೆಟ್ಟರೆ ಮಾತ್ರ ಫಲವುಂಟು. ಗೆರೆಯು ಓರೆಯಾದರೆ ನೀರು ತಗ್ಗಿನ ಕಡೆಗೆ ಕೂಡಿ ಬೇಲಿಯನ್ನೇ ಭೇದಿಸುವುದು. ಸಮಗೆರೆಯನ್ನು ಕಂಡುಹಿಡಿಯುವುದಕ್ಕೆ ಬೆಲೆಯುಳ್ಳ ಯಂತ್ರವು ಬೇಕಾಗಿಲ್ಲ. ಏಳು ಅಡಿಯ ಎರಡು ಗಳುಗಳನ್ನು ಮೇಲೆ ಒಂದಾಗಿ ಕಟ್ಟಿ, ಕೆಳಗೆ ಕಾಲುಗಳನ್ನು ಆರು ಅಡಿ ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿಯನ್ನು ಬಿಗಿದು, ಮೇಲಿನ ಗಂಟಿನಿಂದ ಒಂದು ಕಲ್ಲನ್ನು ದಾರದಲ್ಲಿ ತೂಗಬಿಡಬೇಕು. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು, ದಾರವು ಪಟ್ಟಿಯನ್ನು ಮುಟ್ಟುವ ಕಡೆ ಗುರುತು ಮಾಡಿ, ಕಾಲುಗಳನ್ನು ಅದಲುಬದಲು ಮಾಡಿ ಮತ್ತೆ ಗುರುತು ಮಾಡಬೇಕು. ಎರಡು ಗುರುತುಗಳ ನಡುಬಿಂದುವೇ ಸಮಮಟ್ಟದ ಗುರುತು. ದಾರವು ಆ ಬಿಂದುವಿನಲ್ಲಿ ನಿಲ್ಲುವಂತೆ ಕಾಲುಗಳನ್ನು ಒಂದೊಂದಾಗಿ ಮುಂದಿಡುತ್ತಾ ಗೂಟಗಳನ್ನು ಹೊಡೆದುಕೊಂಡು ಹೋದರೆ ಗೆರೆಯು ತಾನೇ ದೊರೆಯುವುದು.

ಮುಂಗಾರು ನೆಲೆನಿಂತ ಮೇಲೆ ಎರಡು ಮೂರು ಕವಲುಗಳುಳ್ಳ ಲಾವಂಚದ ಬುಡಗಳನ್ನು ಆರು ಅಂಗುಲಕ್ಕೊಂದರಂತೆ ಒಂದೇ ಸಾಲಿನಲ್ಲಿ ನೆಡಬೇಕು. ನೂರು ಅಡಿಯ ಸಾಲಿಗೆ ಸುಮಾರು 200 ಬುಡಗಳು ಬೇಕಾಗುವುವು. ಒಂದು ಸಾಲಿಗೂ ಮತ್ತೊಂದಕ್ಕೂ ಮೂರು ನಾಲ್ಕು ಅಡಿಗಳ ಇಳಿತವಿರಲಿ; ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಇದು ನೆಲದ ಮೇಲೆ ಮೂವತ್ತರಿಂದ ನಲವತ್ತು ಅಡಿಗಳ ಅಂತರವಾಗುವುದು. ಸತ್ತ ಬುಡಗಳ ಸ್ಥಳದಲ್ಲಿ ಅದೇ ಮಳೆಗಾಲದಲ್ಲಿ ಬೇರೆ ಬುಡಗಳನ್ನು ಹಾಕಬೇಕು, ಏಕೆಂದರೆ ಒಂದು ಸಂದಿನಿಂದ ಇಡೀ ಸಾಲು ಕೆಡುವುದು. ಬೇಲಿಯು ಸರಿಯಾಗಿ ಕೂಡಿಕೊಳ್ಳುವುದಕ್ಕೆ ಎರಡು ಮೂರು ವರ್ಷಗಳು ಹಿಡಿಯುವುವು. ಅನಂತರ ಮೇಲಿನಿಂದ ಬಂದ ಮಣ್ಣು ಸಾಲಿನ ಹಿಂದೆ ನಿಂತು, ಇಳಿಜಾರು ತಾನಾಗಿಯೇ ಮೆಟ್ಟಿಲು ಮೆಟ್ಟಿಲಾಗುವುದು. ಒಂದು ಅಡಿ ಎತ್ತರವನ್ನು ಬಿಟ್ಟು ಮೇಲಿನದನ್ನು ಕೊಯ್ದರೆ ಬುಡವು ದಟ್ಟವಾಗುವುದು; ಕೊಯ್ದ ಹುಲ್ಲು ಹೊದಿಕೆಗೂ ತರಗಿಗೂ ಉಪಯುಕ್ತ. ಸುವಾಸನೆಯ ಬೇರಿಗೆ ಆಸೆಪಟ್ಟು ಈ ಸಾಲುಗಳನ್ನು ಅಗೆಯಕೂಡದು.

ಕೊರಕಲುಗಳೂ ದಡದ ಅಂಚೂ

ಆಗಲೇ ಬಿದ್ದಿರುವ ಕೊರಕಲನ್ನು ಮಣ್ಣಿನಿಂದ ತುಂಬುವುದು ವ್ಯರ್ಥ. ಮುಂದಿನ ಮಳೆಯು ಅದನ್ನು ಹೊತ್ತುಕೊಂಡು ಹೋಗುವುದು. ಕಾಡುಗಲ್ಲಿನ ತಡೆಗಳನ್ನು ಅಲ್ಲಲ್ಲಿ ಕಟ್ಟಿ, ಕೊರಕಲು ತಾನೇ ತುಂಬಿಕೊಳ್ಳುವಂತೆ ಮಾಡಬೇಕು. ಮೇಲಿನ ತಡೆಯ ಬುಡವೂ ಕೆಳಗಿನ ತಡೆಯ ತಲೆಯೂ ಒಂದೇ ಮಟ್ಟದಲ್ಲಿರಬೇಕೆಂಬುದು ಇದರ ನಿಯಮ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಎರಡು ಅಡಿ ಎತ್ತರದ ತಡೆಗಳು ಇಪ್ಪತ್ತು ಅಡಿಗೊಂದರಂತೆ ಬೇಕಾಗುವುವು. ತಡೆಯ ಎರಡು ತುದಿಗಳನ್ನೂ ದಂಡೆಯೊಳಕ್ಕೆ ಒಂದೂವರೆ ಅಡಿ ಹುದುಗಿಸಿ, ನಡುಭಾಗವನ್ನು ತುದಿಗಳಿಗಿಂತ ಅರ್ಧ ಅಡಿಯಾದರೂ ತಗ್ಗಾಗಿ ಬಿಡಬೇಕು. ಹಾಗೆ ಬಿಡದಿದ್ದರೆ ನೀರು ಪಕ್ಕದಿಂದ ಸುತ್ತಿಕೊಂಡು ಹೊಸ ಕೊರಕಲನ್ನು ತೋಡುವುದು. ನೀರು ಬೀಳುವ ಕಡೆ ಚಪ್ಪಟೆ ಕಲ್ಲುಗಳ ಹಾಸು ಇರಲೇಬೇಕು. ಇಕ್ಕೆಲಗಳಲ್ಲಿ ಲಕ್ಕಿಯ ಕಡ್ಡಿಗಳನ್ನೂ ಬಿದಿರನ್ನೂ ನೆಟ್ಟರೆ ಕಾಲಕ್ರಮದಲ್ಲಿ ಬೇರುಗಳೇ ಕಲ್ಲಿನ ಕೆಲಸವನ್ನು ವಹಿಸಿಕೊಳ್ಳುವುವು.

ಬೀದಿಯ ಚರಂಡಿಯು ಕೆರೆಯನ್ನು ಸೇರುವುದಕ್ಕೆ ಮುಂಚೆ ಒಂದು ಹೂಳುಗುಂಡಿಯು ಅವಶ್ಯವು. ಚರಂಡಿಗಿಂತ ಮೂರು ನಾಲ್ಕು ಮಡಿ ಅಗಲವಾಗಿಯೂ ಎರಡು ಮೂರು ಅಡಿ ಆಳವಾಗಿಯೂ ಇದನ್ನು ತೋಡಿದರೆ, ನೀರಿನ ವೇಗವು ತಗ್ಗಿ ಮರಳೂ ದಪ್ಪ ಮಣ್ಣೂ ಅಲ್ಲಿಯೇ ನಿಲ್ಲುವುವು. ಅತಿ ನುಣುಪಾದ ಜೇಡಿಯು ಇದರಲ್ಲಿ ನಿಲ್ಲದು. ಅದನ್ನು ಹಿಡಿಯುವುದು ಹುಲ್ಲು ಮಾತ್ರ. ಆದಕಾರಣ ನೀರಿನ ಅಂಚಿನಲ್ಲಿ ಸಾಧ್ಯವಿದ್ದಷ್ಟು ಅಗಲವಾದ ಹಸಿರುಪಟ್ಟಿಯನ್ನು ಮುಟ್ಟದೆ ಬಿಡಬೇಕು. ನೀರಿನೊಳಗಿನ ಜೊಂಡನ್ನು ದಡದ ಬಳಿ ಪೂರ್ತಿಯಾಗಿ ಕಿತ್ತುಹಾಕಬಾರದು. ಅಲೆಯ ಹೊಡೆತವನ್ನು ಅದು ಮುರಿಯುವುದು. ದಡದ ಮೇಲೆ ಹೊಂಗೆ, ನೇರಳೆಗಳನ್ನು ನೆಡಬಹುದು. ಕೆರೆಯ ಏರಿಯ ಮೇಲೆ ಮಾತ್ರ ಮರಗಳನ್ನು ಬೆಳೆಸಕೂಡದು. ಮರವು ಸತ್ತಾಗ ಬೇರು ಕೊಳೆತು ಏರಿಯೊಳಗೆ ನೀರಿಗೆ ದಾರಿಯಾಗುವುದು.

ಹೂಳುಗುಂಡಿಯಿಂದ ತೆಗೆದ ಮಣ್ಣು ಕಸವಲ್ಲ. ಕೆರೆಯ ಗೋಡನ್ನು ಬೇಸಗೆಯಲ್ಲಿ ಹೊಲಗಳಿಗೆ ಹೊಡೆಯುತ್ತಿದ್ದ ಹಿರಿಯರ ವಾಡಿಕೆಯನ್ನು ಇಲ್ಲಿಯೂ ಅನುಸರಿಸಿ, ಅದನ್ನು ಮೇಲಿನ ಹಿತ್ತಲುಗಳಿಗೂ ಹೊಲಗಳಿಗೂ ಹಿಂದಿರುಗಿಸಬೇಕು. ಬಚ್ಚಲ ನೀರೂ ಪ್ಲಾಸ್ಟಿಕ್ಕೂ ಬೆರೆಯುವ ಚರಂಡಿಯ ಮಣ್ಣಾದರೆ ಮಾತ್ರ ಈ ಕೆಲಸಕ್ಕೆ ಬಾರದು.

ಕಡಿದಾದ ಇಳಿಜಾರಿನ ಎಚ್ಚರಿಕೆ

ನೀರನ್ನು ಇಂಗಿಸಬೇಕೆಂಬ ಮಾತು ಎಲ್ಲಾ ನೆಲಕ್ಕೂ ಒಂದೇ ಸಮನಾಗಿ ಸಲ್ಲದು. ಕಡಿದಾದ ಗುಡ್ಡದ ಮಣ್ಣಿನೊಳಕ್ಕೆ ನೀರು ವಿಶೇಷವಾಗಿ ಇಳಿದರೆ, ಮಣ್ಣು ತೂಕವಾಗಿ, ಅದರ ಹಿಡಿತವು ಸಡಿಲವಾಗಿ, ಗುಡ್ಡವೇ ಜಾರುವುದು. ಹಿಮಾಲಯದ ತಪ್ಪಲಿನ ನೈನಿತಾಲದಲ್ಲಿ ನಡೆದ ಸಂಗತಿಯು ಇದಕ್ಕೆ ದಾರುಣವಾದ ದೃಷ್ಟಾಂತವಾಗಿದೆ. ಅಲ್ಲಿ ಸರೋವರದ ಸುತ್ತಲಿನ ಕಡಿದಾದ ಇಳಿಜಾರಿನಲ್ಲಿ ಮನೆಗಳೂ ಹೋಟೆಲೂ ಎದ್ದಿದ್ದುವು. 1880ನೆಯ ಸೆಪ್ಟೆಂಬರಿನಲ್ಲಿ ಸುಮಾರು 40 ಗಂಟೆಗಳ ಕಾಲ ಇಪ್ಪತ್ತು ಅಂಗುಲಕ್ಕೆ ಮಿಗಿಲಾದ ಮಳೆ ಸುರಿದು, 18ನೆಯ ತಾರೀಖು ಶನಿವಾರ ಗುಡ್ಡದ ಪಾರ್ಶ್ವವು ಕುಸಿದು 151 ಮಂದಿ ಮೃತರಾದರು. ಆಮೇಲೆ ಅಲ್ಲಿನ ಇಳಿಜಾರುಗಳ ಮೇಲೆಲ್ಲಾ ಕಲ್ಲುಕಟ್ಟಡದ ಚರಂಡಿಗಳ ಜಾಲವನ್ನು ನಿರ್ಮಿಸಿ, ಮಳೆಯ ನೀರು ಗುಡ್ಡದ ಬಿರುಕುಗಳಿಗೆ ಇಳಿಯದೆ ಸರೋವರಕ್ಕೆ ಹೋಗುವಂತೆ ಮಾಡಿದರು. ಕನ್ನಡ ನಾಡಿನಲ್ಲಿಯೇ 2018ನೆಯ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಪ್ರಾಣಹಾನಿಯಾದಾಗ, ಅತಿವೃಷ್ಟಿಯೊಡನೆ ಮನೆ ರಸ್ತೆಗಳಿಗಾಗಿ ಇಳಿಜಾರುಗಳನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು.

ಆದುದರಿಂದ ಹತ್ತಕ್ಕೆ ಒಂದೂವರೆಗೆ ಮೀರಿದ ಇಳಿಜಾರಿನಲ್ಲಿ ಇಂಗುಗುಂಡಿಗಳನ್ನು ತೋಡದೆ, ಸೂರಿನ ನೀರನ್ನು ತೊಟ್ಟಿಯಲ್ಲಿ ಹಿಡಿದು, ಹೆಚ್ಚಾದುದನ್ನು ಕಲ್ಲು ಹಾಸಿದ ಮೆಟ್ಟಿಲು ಚರಂಡಿಯಿಂದ ಇಳಿಸಬೇಕು. ಒಂದೊಂದು ಮೆಟ್ಟಿಲೂ ನೀರಿನ ವೇಗವನ್ನು ಮುರಿಯುವುದು. ನೆಲದಲ್ಲಿ ಬಿರುಕು ಕಾಣುವುದು, ಮರಗಳು ಕೆಳಕ್ಕೆ ವಾಲುವುದು, ಬಾಗಿಲು ಕಿಟಕಿಗಳು ಹಠಾತ್ತಾಗಿ ಬಿಗಿಯಾಗುವುದು, ಒಣಗಿದ್ದ ಕಡೆ ಕೆಸರೊರತೆ ಏಳುವುದು ಕುಸಿತದ ಮುನ್ಸೂಚನೆಗಳು. ಇವುಗಳನ್ನು ಕಂಡಾಗ ಮನೆಮಂದಿಯನ್ನು ಕೂಡಲೇ ಬೇರೆ ಕಡೆಗೆ ಕಳುಹಿಸಿ, ತಹಶೀಲ್ದಾರರಿಗೆ ವರದಿ ಮಾಡುವುದು ಮುಖ್ಯಸ್ಥರ ಕರ್ತವ್ಯ. ತಡೆಗೋಡೆಯನ್ನು ಕಟ್ಟಲೇಬೇಕಾದಲ್ಲಿ ಅದರ ಬುಡದಲ್ಲಿ ನೀರು ಹೊರಬೀಳುವ ಕಂಡಿಗಳನ್ನು ಬಿಟ್ಟು, ಹಿಂದೆ ಜಲ್ಲಿಯನ್ನು ತುಂಬುವುದನ್ನು ಮರೆಯಬಾರದು.

ಹೊಸದಾಗಿ ಮನೆ ಕಟ್ಟುವವರು ತಳಪಾಯದ ಮಣ್ಣನ್ನು ಇಳಿಜಾರಿನ ಕೆಳಕ್ಕೆ ತಳ್ಳಬಾರದು. ಅಗೆತದ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯೊಳಗೆ ಮುಗಿಸಿಕೊಳ್ಳುವುದು ಕ್ಷೇಮ. ಕೆರೆಯ ಎಲ್ಲೆ ಎಲ್ಲಿದೆ, ಅದರಿಂದ ಎಷ್ಟು ದೂರ ಕಟ್ಟಡವು ನಿಷಿದ್ಧವಾಗಿದೆ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು. ಕೆರೆಗಳ ರಕ್ಷಣೆಗಾಗಿ ಒಂದು ಪ್ರಾಧಿಕಾರವನ್ನು ಏರ್ಪಡಿಸುವ ಕಾಯಿದೆಯು ರಾಜ್ಯದಲ್ಲಿ 2014ರಲ್ಲಿ ಆಗಿರುತ್ತದೆ. ಕಕ್ಕಸಿನ ಗುಂಡಿಯನ್ನೂ ತಿಪ್ಪೆಯನ್ನೂ ಮಳೆಯ ನೀರಿನ ದಾರಿಯಿಂದ ದೂರವಿಡಬೇಕು. ಅವುಗಳ ಸಾರವು ಕೆರೆಯನ್ನು ಸೇರಿದರೆ ಅಂತರಗಂಗೆ ಮೊದಲಾದ ನೀರುಕಳೆಗಳು ಕೊಬ್ಬಿ, ಮೀನಿಗೂ ಜನಕ್ಕೂ ಕೇಡಾಗುವುದು.

ಗ್ರಾಮದ ಮುಖ್ಯಸ್ಥರ ಪಾತ್ರ

ಈ ಕೆಲಸಗಳಲ್ಲಿ ಯಾವುದೊಂದೂ ಒಬ್ಬ ಮನೆಯವನಿಗೆ ಕಷ್ಟವಾದುದಲ್ಲ. ಆದರೆ ಒಬ್ಬನೇ ಮಾಡಿದರೆ ಫಲವಿಲ್ಲ. ಮೇಲಿನವನು ತನ್ನ ನೀರನ್ನು ಬಿಟ್ಟುಕೊಂಡಿದ್ದರೆ ಕೆಳಗಿನವನ ಹುಲ್ಲಿನ ಬೇಲಿ ನಿಲ್ಲದು. ಮೇಲಿನವನಿಗೆ ಕೆಳಗಿನ ನಷ್ಟವು ಕಾಣದೆ ಇರುವುದೂ, ಕೆಳಗಿನವನಿಗೆ ಮೇಲಿನವನ ನೆಲದಲ್ಲಿ ಅಧಿಕಾರವಿಲ್ಲದೆ ಇರುವುದೂ ವ್ಯಾಜ್ಯಕ್ಕೆ ಮೂಲ. ಇವರಿಬ್ಬರ ನಡುವೆ ನಿಂತು ಮಾತನಾಡತಕ್ಕವರು ಊರಿನ ಹಿರಿಯರೇ ಹೊರತು ಬೇರೆಯವರಲ್ಲ.

ಹಿಂದಿನ ಕಾಲದಲ್ಲಿ ಕೆರೆಯ ಜೀರ್ಣೋದ್ಧಾರಕ್ಕೆ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳನ್ನು ಬಿಟ್ಟಿದ್ದುದೂ, ಹೂಳನ್ನು ಸಾಗಿಸುವುದಕ್ಕೆ ಬಂಡಿಗಳನ್ನು ಏರ್ಪಡಿಸಿದ್ದುದೂ ಶಾಸನಗಳಿಂದ ತಿಳಿದುಬರುತ್ತದೆ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯಿತಿಗಳ ನಿಬಂಧನೆಯು ಜಾರಿಗೆ ಬಂದಿತ್ತು. ವಂಶಪಾರಂಪರ್ಯದ ಪಟೇಲ, ಶಾನುಭೋಗರ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆಯು 1961ರಲ್ಲಿ ಆದ ಬಳಿಕ, ಈ ಭಾರವು ಗ್ರಾಮಪಂಚಾಯಿತಿಯ ಮೇಲೂ ಊರಿನ ಗಣ್ಯರ ಮೇಲೂ ಬಿದ್ದಿದೆ. ಹುದ್ದೆಯು ಹೋದರೂ ಯಜಮಾನಿಕೆಯ ಹೊಣೆಯು ಹೋಗಿಲ್ಲವೆಂಬುದನ್ನು ಜಮೀನುದಾರರು ನೆನೆಯಬೇಕು. ದಡದ ಮೇಲೆ ತಮ್ಮ ಭೂಮಿಯನ್ನು ನಿವೇಶನಗಳಾಗಿ ವಿಂಗಡಿಸಿ ಮಾರುವವರು, ಚರಂಡಿಗೂ ಹಸಿರುಪಟ್ಟಿಗೂ ಹೂಳುಗುಂಡಿಗೂ ಸ್ಥಳವನ್ನು ಮೊದಲೇ ಬಿಟ್ಟರೆ, ಕೊಂಡವರಿಗೂ ಊರಿಗೂ ಮಹೋಪಕಾರವಾಗುವುದು. ಎಲ್ಲಾ ಮಾರಾಟವಾದ ಮೇಲೆ ಒಂದು ಗಜ ಸ್ಥಳವನ್ನು ಹಿಂದಕ್ಕೆ ಪಡೆಯುವುದೂ ಸುಲಭವಲ್ಲ.

ಕೆಲಸದ ಕ್ರಮವನ್ನು ವರ್ಷಕ್ಕೆ ಹೀಗೆ ಹಂಚಿಕೊಳ್ಳಬಹುದು. ಮಾರ್ಚಿ ಏಪ್ರಿಲಿನಲ್ಲಿ ದೋಣಿ, ಚರಂಡಿ, ಹೂಳುಗುಂಡಿಗಳನ್ನು ಶುದ್ಧಿಮಾಡಿ ಗೋಡನ್ನು ಹೊಲಗಳಿಗೆ ಹೊಡೆಯುವುದು. ಮೇ ತಿಂಗಳ ಮೊದಲನೆಯ ದೊಡ್ಡ ಮಳೆಯಲ್ಲಿ ಇಳಿಜಾರನ್ನು ನಡೆದು ನೋಡುವುದು. ಜೂನು ಜುಲಾಯಿಯಲ್ಲಿ ಲಾವಂಚವನ್ನೂ ಮರಗಳನ್ನೂ ನೆಡುವುದು. ಸೆಪ್ಟೆಂಬರು ಅಕ್ಟೋಬರಿನಲ್ಲಿ ಪ್ರತಿಯೊಂದು ಭಾರಿ ಮಳೆಯ ಮರುದಿನ ತಡೆಗಳನ್ನು ಪರಾಂಬರಿಸಿ, ಜಾರಿದ ಕಲ್ಲುಗಳನ್ನು ಸರಿಪಡಿಸುವುದು. ಡಿಸೆಂಬರು ಜನವರಿಯಲ್ಲಿ ಕಲ್ಲಿನ ಕೆಲಸಗಳನ್ನು ಮಾಡಿಸುವುದು. ಮೊದಲನೆಯ ವರ್ಷ ನೆತ್ತಿಯ ಮನೆಗಳು, ಎರಡನೆಯ ವರ್ಷ ನಡುವಣ ಹಾದಿ ಕೊರಕಲುಗಳು, ಮೂರನೆಯ ವರ್ಷ ದಡದ ಅಂಚು, ಹೀಗೆ ಮೇಲಿನಿಂದ ಕೆಳಕ್ಕೆ ನಡೆದರೆ ಮಾಡಿದ ಕೆಲಸವು ಮೇಲಿನ ನೀರಿಗೆ ಕೊಚ್ಚಿಹೋಗದೆ ನಿಲ್ಲುವುದು.

ಕೆಲಸವು ಸಫಲವಾಯಿತೇ ಎಂದು ತಿಳಿಯುವುದಕ್ಕೆ ಸೀಸೆಯ ಪರೀಕ್ಷೆಯೇ ಸಾಕು. ಅದೇ ಚರಂಡಿಯ ಬಾಯಲ್ಲಿ, ಪ್ರತಿ ವರ್ಷದ ಮೊದಲನೆಯ ದೊಡ್ಡ ಮಳೆಯ ನೀರನ್ನು ಹಿಡಿದಿಟ್ಟು, ತಳದ ಮಣ್ಣಿನ ದಪ್ಪವನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಇಳಿಜಾರಿನ ನೆತ್ತಿಯಲ್ಲಿ ಮನೆಯುಳ್ಳವರಿಗೂ ಏರಿಯ ಕೆಳಗೆ ಗದ್ದೆಯುಳ್ಳವರಿಗೂ ಆ ಸೀಸೆಯನ್ನು ಒಟ್ಟಿಗೆ ತೋರಿಸಿದರೆ, ಇಬ್ಬರ ಹಿತವೂ ಒಂದೇ ಕೆರೆಯಲ್ಲಿದೆಯೆಂಬುದು ಮಾತಿಲ್ಲದೆಯೇ ಮನದಟ್ಟಾಗುವುದು.